ಸ್ತೆನಜ಼ೋ: ನಿಟ್ಟುಸಿರಿನ ಕ್ರಿಯಾಪದದಲ್ಲಿ ‘ಕ್ಸ’ ಎಲ್ಲಿಂದ ಬರುತ್ತದೆ?

ಪ್ರಾಚೀನ ಗ್ರೀಕ್‌ನಲ್ಲಿ ಸ್ತೆನಜ಼ೋ ಅಂದರೆ ನಿಟ್ಟುಸಿರು ಬಿಡುತ್ತೇನೆ, ನರಳುತ್ತೇನೆ, ಗೋಳಾಡುತ್ತೇನೆ. ವರ್ತಮಾನಕಾಲ ಮಾಮೂಲಿ, ಅದನ್ನು ಬಿಡೋಣ.

ಸಿಕ್ಕಿಹಾಕಿಕೊಳ್ಳುವುದು ಅಯೊರಿಸ್ಟ್‌ನಲ್ಲಿ, ಅಂದರೆ ಆಗಿ ಮುಗಿದ ಕೆಲಸ ಹೇಳುವ ರೂಪದಲ್ಲಿ, ‘ನಿಟ್ಟುಸಿರು ಬಿಟ್ಟೆ’ ಅನ್ನುವ ಕಡೆ. ಎಲ್ಪಿಜ಼ೋ (ಆಸೆಯಿಂದ ಕಾಯುತ್ತೇನೆ) ಏಲ್ಪಿಸ ಆಗುತ್ತದೆ. ಹಾಗಾದರೆ ಇದು ಎಸ್ತೆನಸ (ಮೊದಲಿನ ಎ ಭೂತಕಾಲದ ಗುರುತು) ಆಗಬೇಕು ಅಲ್ವಾ? ಆಗುವುದಿಲ್ಲ, ಎಸ್ತೆನಕ್ಸ ಆಗುತ್ತದೆ. ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ, ಕಾರಣ ಗೊತ್ತಿದ್ದರೆ ಉಳಿಯುತ್ತದೆ.

ಕಾರಣ ಆ ‘ಜ಼’ದೊಳಗೇ ಇದೆ. ಬಹಳ ಹಿಂದಿನ ಕಾಲದಲ್ಲಿ ಧಾತುವಿನ ಕೊನೆಯ ವ್ಯಂಜನದ ನಂತರ ಒಂದು ‘ಯ್’ ಸೇರುತ್ತಿತ್ತು. ದ್ ಜೊತೆ ಯ್ ಸೇರಿದರೂ ಜ಼, ಗ್ ಜೊತೆ ಸೇರಿದರೂ ಜ಼. ಹಾಗಾಗಿ ವರ್ತಮಾನದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಯಾವುದಿದೆ ಅಂತ ಗೊತ್ತಾಗುವುದಿಲ್ಲ. ಅಯೊರಿಸ್ಟ್‌ನಲ್ಲಿ ಯ್ ಇಲ್ಲ, ಅದರ ಜಾಗಕ್ಕೆ ಸ್ ಬರುತ್ತದೆ. ಸ್ ಬಂದಾಗ ಅದಕ್ಕೆ ಮೊದಲಿನ ದ್ ಬಿದ್ದುಹೋಗುತ್ತದೆ: ಏಲ್ಪಿಸ. ಗ್ ಬೀಳುವುದಿಲ್ಲ, ಕ್ ಆಗಿ ಸ್ ಜೊತೆ ಕೂಡುತ್ತದೆ: ಎಸ್ತೆನಕ್ಸ. ಭವಿಷ್ಯತ್ತೂ ಹಾಗೆಯೇ, ಸ್ತೆನಕ್ಸೋ. ಒಳಗಿನ ಅಕ್ಷರ ತಿಳಿಯಬೇಕಾದರೆ ಅದೇ ಧಾತುವಿನ ನಾಮಪದ ನೋಡಿ. ನರಳಾಟಕ್ಕೆ ಸ್ತೆನಗ್ಮೊಸ್, ಗ್ ಅಲ್ಲೇ ಕೂತಿದೆ.

ನನಗೆ ಇನ್ನೂ ಇಷ್ಟವಾದ ದಾರಿ ಒಂದಿದೆ. ಅಳು, ಕೂಗು, ಗೋಳು ಹೇಳುವ -ಜ಼ೋ ಕ್ರಿಯಾಪದಗಳಲ್ಲಿ ಬಹಳಷ್ಟರ ಒಳಗೆ ಇರುವುದು ಗ್. ಒಯ್ಮೊಯ್ ಅಂದರೆ ‘ಅಯ್ಯೋ’, ಅದರಿಂದ ಒಯ್ಮೋಜ಼ೋ, ಅಯೊರಿಸ್ಟ್ ಓಯ್ಮೋಕ್ಸ, ನಾಮಪದ ಒಯ್ಮೋಗೇ. ಯುದ್ಧದ ಕೂಗಿನ ಅಲಲಜ಼ೋ ಏಲಲಕ್ಸ ಆಗುತ್ತದೆ, ಹೆಂಗಸರು ದನಿ ಎತ್ತಿ ಕೂಗುವ ಒಲೊಲುಜ಼ೋ ಓಲೊಲುಕ್ಸ ಆಗುತ್ತದೆ. ಎಲ್ಲವನ್ನೂ ಒಮ್ಮೆ ಜೋರಾಗಿ ಓದಿ, ಕಿವಿಗೇ ಹತ್ತುತ್ತದೆ. ಆದರೆ ಇದನ್ನು ತಿರುಗಿಸಿ ಹಾಕಬೇಡಿ, ಕ್ಸ ಕಂಡ ಕೂಡಲೇ ಅದು ಕೂಗೇ ಅನ್ನುವ ಹಾಗಿಲ್ಲ. ಸ್ಫಜ಼ೋ (ಕತ್ತು ಕೊಯ್ಯುತ್ತೇನೆ) ಎಸ್ಫಕ್ಸ ಆಗುತ್ತದೆ, ಅಲ್ಲಿ ಅಳುವಿನ ಅರ್ಥವೇ ಇಲ್ಲ. ಕಿಥರಿಜ಼ೋ (ತಂತಿವಾದ್ಯ ನುಡಿಸುತ್ತೇನೆ) ಸದ್ದಿಗೆ ಸೇರಿದ್ದಾದರೂ ಎಕಿಥರಿಸ ಆಗುತ್ತದೆ, ಕ್ಸ ಬರುವುದಿಲ್ಲ.

ಹೋಮರ್‌ನಲ್ಲಿ ಸಿಗುವುದು ಇದರ ನೆಂಟರಾದ ಸ್ತೆನೋ, ಸ್ತೆನಖೋ. ಇಲಿಯಡ್‌ನ 1ನೇ ಭಾಗದಲ್ಲಿ ಅಕಿಲೀಸ್ ತಾಯಿಗೆ ಉತ್ತರ ಕೊಡುವುದು ‘ಬರು ಸ್ತೆನಖೋನ್’, ಭಾರವಾಗಿ ನಿಟ್ಟುಸಿರಿಡುತ್ತಾ. ಈ ಸ್ತೆನೋಗೆ ಸಂಸ್ಕೃತದ ‘ಸ್ತನಿತ’ (ಗುಡುಗು) ಒಂದೇ ಮೂಲದ ಬಂಧು. ಸ್ತೆನೋಗೆ ವರ್ತಮಾನದ ಅಂಗದಿಂದ (ಪ್ರತ್ಯಯ ಸೇರುವ ಬುಡದಿಂದ) ಆದ ರೂಪಗಳು ಮಾತ್ರ ಇವೆ, ಅಯೊರಿಸ್ಟ್ ಬೇಕೆಂದರೆ ಸ್ತೆನಜ಼ೋ ಕಡೆಗೇ ಬರಬೇಕು.

ಹೊಸ ಒಡಂಬಡಿಕೆ ಓದುವವರಿಗೆ ಮಾರ್ಕ 7:34ರಲ್ಲಿ ಎಸ್ತೆನಕ್ಸೆನ್ ಸಿಗುತ್ತದೆ, ಕಿವುಡನನ್ನು ಗುಣಪಡಿಸುವ ಮುಂಚೆ ಯೇಸು ಆಕಾಶ ನೋಡಿ ನಿಟ್ಟುಸಿರು ಬಿಡುವ ಜಾಗ. ಯಾಕೋಬ 5:9ರಲ್ಲಿ ಈ ಕ್ರಿಯಾಪದದ ಜೊತೆಗೆ ‘ಕತಾ’ (ವಿರುದ್ಧ) ಇದೆ, ಆಗ ಅರ್ಥ ಒಬ್ಬರ ಮೇಲೊಬ್ಬರು ಗೊಣಗುವುದು.