ಫೇರ್‌ಫ್ಯಾಕ್ಸ್ ಕೌಂಟಿ ಬಜೆಟ್: ಶಾಲೆಯ ದುಡ್ಡಿಗೆ ಯಾರನ್ನು ಕೇಳಬೇಕು?

ಸ್ಥಳೀಯ ಆಡಳಿತ ಓದುವವರಿಗೆ ಅಮೆರಿಕದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬಜೆಟ್ ಮೊದಲಿಗೆ ತಲೆ ತಿನ್ನುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಮನೆ ಕಂದಾಯ ವಸೂಲಿ ಮಾಡುವುದು ಗ್ರಾಮ ಪಂಚಾಯಿತಿ. ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಕಂದಾಯ ಏರಿದರೂ ಇಳಿದರೂ ಮೇಷ್ಟ್ರ ಸಂಬಳಕ್ಕೆ ಅದರ ಬಿಸಿ ತಟ್ಟುವುದಿಲ್ಲ. ವರ್ಜೀನಿಯಾ ರಾಜ್ಯದಲ್ಲಿ ಹಾಗಲ್ಲ. ಅಲ್ಲಿ ಶಾಲೆಗೆ ಬರುವ ದುಡ್ಡಿನ ದೊಡ್ಡ ಭಾಗ ಮನೆ ಕಂದಾಯದ್ದೇ. ಹಾಗಾಗಿ ಪ್ರತಿ ವರ್ಷ ಬಜೆಟ್ ಸಮಯದಲ್ಲಿ ಜನ ಮತ್ತು ಅಧಿಕಾರಿಗಳ ನಡುವೆ ಜೋರು ವಾದ ನಡೆಯುತ್ತದೆ.

ವಾಷಿಂಗ್ಟನ್ ನಗರದ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಮಾರು 1.8 ಲಕ್ಷ ಮಕ್ಕಳು ಓದುತ್ತಾರೆ. ಕೌಂಟಿಯ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗೇ ಹೋಗುತ್ತದೆ. ಪೊಲೀಸ್, ಅಗ್ನಿಶಾಮಕ, ಗ್ರಂಥಾಲಯ, ಉದ್ಯಾನ ಎಲ್ಲ ಉಳಿದದ್ದರಲ್ಲಿ ನಡೆಯಬೇಕು.

ಎರಡು ಮಂಡಳಿ, ಒಂದು ಗಂಟು

ಇಡೀ ವಿಷಯದ ಕೀಲಿ ಇಲ್ಲಿದೆ. ಕೌಂಟಿ ನಡೆಸುವುದು ಬೋರ್ಡ್ ಆಫ್ ಸೂಪರ್‌ವೈಸರ್ಸ್. ಅದರಲ್ಲಿ ಅಧ್ಯಕ್ಷರೂ ಸೇರಿ 10 ಜನ. ಶಾಲೆ ನಡೆಸುವುದು 12 ಜನರ ಸ್ಕೂಲ್ ಬೋರ್ಡ್. ಎರಡೂ ಜನರಿಂದ ಆಯ್ಕೆಯಾದವು. ಆದರೆ ವರ್ಜೀನಿಯಾದಲ್ಲಿ ಸ್ಕೂಲ್ ಬೋರ್ಡ್‌ಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ದುಡ್ಡಿಗೆ ಅದು ಸೂಪರ್‌ವೈಸರ್‌ಗಳ ಮುಂದೆಯೇ ಕೈ ಚಾಚಬೇಕು.

ಸೂಪರ್‌ವೈಸರ್‌ಗಳ ಕೈಯೂ ಕಟ್ಟಿದೆ. ಶಾಲೆಗೆ ಅವರು ಒಟ್ಟು ಮೊತ್ತ ಕೊಡಬಹುದು, ಇಲ್ಲವೇ ಬೋಧನೆ, ಸಾರಿಗೆ, ಕಟ್ಟಡ ನಿರ್ವಹಣೆಯಂಥ ದೊಡ್ಡ ಲೆಕ್ಕಶೀರ್ಷಿಕೆಗಳಲ್ಲಿ ಕೊಡಬಹುದು. ಅದರೊಳಗೆ ಯಾವ ತರಗತಿಗೆ ಎಷ್ಟು ಶಿಕ್ಷಕರು, ಯಾರಿಗೆ ಎಷ್ಟು ಸಂಬಳ ಅನ್ನುವುದು ಸ್ಕೂಲ್ ಬೋರ್ಡ್ ತೀರ್ಮಾನ. ಹಾಗಾಗಿ ಒಬ್ಬ ತಾಯಿ ಬಂದು, 'ನನ್ನ ಮಗನ ತರಗತಿಯಲ್ಲಿ ಮಕ್ಕಳು ಜಾಸ್ತಿ' ಎಂದು ಸೂಪರ್‌ವೈಸರ್‌ಗಳ ಮೇಲೆ ಸಿಟ್ಟಾದರೆ, 'ಅದು ಸ್ಕೂಲ್ ಬೋರ್ಡ್ ಕೆಲಸ' ಎಂಬ ಉತ್ತರ ಬರಬಹುದು. ಸ್ಕೂಲ್ ಬೋರ್ಡ್ ಹತ್ತಿರ ಹೋದರೆ, 'ಕೌಂಟಿ ದುಡ್ಡು ಕೊಟ್ಟಿಲ್ಲ' ಅಂತ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ತಮಾಷೆ.

ಮಾತಾಡುವ ತಿಂಗಳು, ಗೆರೆ ಎಳೆಯುವ ತಿಂಗಳು

ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಫೆಬ್ರವರಿಯಲ್ಲಿ ಕೌಂಟಿ ಎಕ್ಸಿಕ್ಯೂಟಿವ್ (ಕೌಂಟಿ ಆಡಳಿತದ ಮುಖ್ಯ ಅಧಿಕಾರಿ) ಕರಡು ಬಜೆಟ್ ಇಡುತ್ತಾರೆ. ಮಾರ್ಚ್‌ನಲ್ಲಿ ಸೂಪರ್‌ವೈಸರ್‌ಗಳು ತೆರಿಗೆ ದರ ಪ್ರಕಟಿಸುತ್ತಾರೆ. ಏಪ್ರಿಲ್‌ನಲ್ಲಿ ಸಾರ್ವಜನಿಕ ವಿಚಾರಣೆ, ಮೇನಲ್ಲಿ ಅಂಗೀಕಾರ.

ಮಾರ್ಚ್ ಅನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಆಗ ಪ್ರಕಟಿಸಿದ ದರವೇ ಗರಿಷ್ಠ ಮಿತಿ. ಆಮೇಲೆ ಇಳಿಸಬಹುದು, ಆದರೆ ಮತ್ತೆ ಪ್ರಕಟಣೆ ಹೊರಡಿಸದೆ ಏರಿಸುವ ಹಾಗಿಲ್ಲ. ಅಂದರೆ ಜನ ಸಾಲುಗಟ್ಟಿ ಮೈಕ್ ಮುಂದೆ ನಿಲ್ಲುವ ಏಪ್ರಿಲ್ ಹೊತ್ತಿಗೆ ಶಾಲೆಗೆ ಇನ್ನಷ್ಟು ಕೊಡಿ ಅನ್ನುವವರ ದಾರಿ ಅರ್ಧ ಮುಚ್ಚಿರುತ್ತದೆ. ತೆರಿಗೆ ಇಳಿಸಿ ಅನ್ನುವವರಿಗೆ ಇನ್ನೂ ಜಾಗ ಇರುತ್ತದೆ. ಈ ವ್ಯವಸ್ಥೆ ಒಂದು ಕಡೆಗೇ ವಾಲಿದೆ ಅಂತ ನನಗೆ ಅನ್ನಿಸುತ್ತದೆ. ತೆರಿಗೆದಾರರ ರಕ್ಷಣೆಗೆ ಇದು ಬೇಕು ಅನ್ನುವ ವಾದವೂ ಇದೆ.

2025ರ ಹಣಕಾಸು ವರ್ಷ (2024ರ ಜುಲೈಯಿಂದ 2025ರ ಜೂನ್‌ವರೆಗೆ) ನೋಡಿ. ಶಾಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು 25.4 ಕೋಟಿ ಡಾಲರ್ ಜಾಸ್ತಿ ಕೇಳಿದವು. ಕೌಂಟಿಯ ಕರಡಿನಲ್ಲಿ ಇದ್ದದ್ದು ಸುಮಾರು 16.5 ಕೋಟಿ. ಅಷ್ಟಕ್ಕೇ 100 ಡಾಲರ್ ಆಸ್ತಿ ಮೌಲ್ಯಕ್ಕೆ 1.095 ಡಾಲರ್ ಇದ್ದ ದರವನ್ನು 1.135ಕ್ಕೆ ಏರಿಸುವ ಪ್ರಸ್ತಾವ ಇತ್ತು. ಕೊನೆಗೆ ನಿಂತದ್ದು 1.125ಕ್ಕೆ.

ದರ ಏರದಿದ್ದರೂ ಬಿಲ್ ಏರುವುದು ಹೇಗೆ?

ಪರೀಕ್ಷೆಗೂ ಇದು ಮುಖ್ಯ, ವಾದದಲ್ಲಿ ಜನ ಎಡವುವುದೂ ಇಲ್ಲೇ. ಕೌಂಟಿ ಪ್ರತಿ ವರ್ಷ ಮನೆಗಳ ಮೌಲ್ಯವನ್ನು ಹೊಸದಾಗಿ ಕಟ್ಟುತ್ತದೆ. 7,00,000 ಡಾಲರಿನ ಮನೆ ಅಂದುಕೊಳ್ಳಿ. 1.095 ದರಕ್ಕೆ ತೆರಿಗೆ 7,665. ಮೌಲ್ಯ 7,20,000 ಆದರೆ, ಅದೇ ದರಕ್ಕೆ 7,884. ದರ ಏರಿಸದೆಯೇ 219 ಡಾಲರ್ ಜಾಸ್ತಿ! ದರ 1.125 ಆದರೆ 8,100. ಒಟ್ಟು ಏರಿಕೆ 435.

'ದರ ಏರಿದ್ದು ಮೂರೇ ಸೆಂಟ್' (0.03 ಡಾಲರ್) ಎಂದು ಅಧಿಕಾರಿ ಹೇಳುವುದು ನಿಜ. 'ನನ್ನ ಬಿಲ್ ನಾನೂರು ದಾಟಿ ಏರಿದೆ' ಎಂದು ನಿವೃತ್ತರೊಬ್ಬರು ಹೇಳುವುದೂ ನಿಜ. ಪಿಂಚಣಿ ಅಷ್ಟೇ ಇದ್ದು, ಮನೆಯ ಬೆಲೆ ಕಾಗದದ ಮೇಲೆ ಮಾತ್ರ ಬೆಳೆದರೆ ಆ ಬೆಲೆ ಅನ್ನಕ್ಕಾಗುವುದಿಲ್ಲ, ಅಲ್ವಾ? ಇದಕ್ಕೇ ವರ್ಜೀನಿಯಾ ಕಾನೂನು ಒಂದು ಷರತ್ತು ಇಟ್ಟಿದೆ. ಹೊಸ ಮೌಲ್ಯಮಾಪನದಿಂದ ತೆರಿಗೆ ವಸೂಲಿ 1% ಅಥವಾ ಅದಕ್ಕಿಂತ ಜಾಸ್ತಿ ಏರುವಂತಿದ್ದರೆ, ಏರಿಕೆಯನ್ನು ಸರಿದೂಗಿಸುವ ದರ ಎಷ್ಟು ಎಂದು ತಿಳಿಸಿ, ಜನರ ಮಾತು ಕೇಳಬೇಕು.

ರಾಜ್ಯ ಎಲ್ಲಿ ಹೋಯಿತು?

ಎರಡೂ ಮಂಡಳಿಗಳು ಒಟ್ಟಿಗೆ ಬೆರಳು ತೋರಿಸುವುದು ರಾಜ್ಯದ ಕಡೆಗೆ. ಪ್ರತಿ ಊರಿನ ಆಸ್ತಿ ಮೌಲ್ಯ, ಜನರ ಆದಾಯ, ಚಿಲ್ಲರೆ ಮಾರಾಟ ಲೆಕ್ಕ ಹಾಕಿ, ಆ ಊರಿಗೆ ಕೊಡುವ ಶಕ್ತಿ ಎಷ್ಟಿದೆ ಎಂದು ರಾಜ್ಯ ಒಂದು ಸೂಚ್ಯಂಕ ಕಟ್ಟುತ್ತದೆ. ಅದರ ಮಿತಿ 0.8. ಫೇರ್‌ಫ್ಯಾಕ್ಸ್ ಸೂಚ್ಯಂಕ ಸುಮಾರು 0.65. ಅಂದರೆ ರಾಜ್ಯ ಗೊತ್ತುಮಾಡಿದ ಕನಿಷ್ಠ ಮಟ್ಟದ ಶಾಲಾ ವೆಚ್ಚದಲ್ಲಿ 65% ಕೌಂಟಿಯೇ ಹೊರಬೇಕು. ಆ 'ಕನಿಷ್ಠ'ವೇ ತೀರಾ ಕಡಿಮೆ ಅನ್ನುವುದು ದೊಡ್ಡ ದೂರು. ಶಾಸಕಾಂಗದ ಲೆಕ್ಕಪರಿಶೋಧನಾ ಆಯೋಗ 2023ರಲ್ಲಿ ಕೊಟ್ಟ ವರದಿಯೂ ಇದನ್ನೇ ಹೇಳಿತು. ರಾಜ್ಯದ ಸೂತ್ರದ ಪ್ರಕಾರ ಇಡೀ ರಾಜ್ಯದ ಶಾಲೆಗಳಿಗೆ 2021ರ ಹಣಕಾಸು ವರ್ಷಕ್ಕೆ ಬೇಕಿದ್ದದ್ದು 1,070 ಕೋಟಿ ಡಾಲರ್. ಶಾಲೆಗಳು ನಿಜವಾಗಿ ಖರ್ಚು ಮಾಡಿದ್ದು 1,730 ಕೋಟಿ.

ಮನೆ ಕಂದಾಯ ಬಿಟ್ಟರೆ ಬೇರೆ ದಾರಿ? ಊಟದ ತೆರಿಗೆ. ಹೋಟೆಲ್ ಊಟದ ಮೇಲೆ ತೆರಿಗೆ ಹಾಕುವ ಪ್ರಸ್ತಾವವನ್ನು 2016ರ ಜನಮತದಲ್ಲಿ ಕೌಂಟಿಯ ಮತದಾರರು ತಿರಸ್ಕರಿಸಿದರು. 2020ರಲ್ಲಿ ರಾಜ್ಯ ಕಾನೂನು ಬದಲಾಗಿ, ಜನಮತ ಇಲ್ಲದೆಯೂ ಕೌಂಟಿಗಳು ಇದನ್ನು ಹಾಕಬಹುದು ಎಂದಾಯಿತು. 2025ರ ಮೇನಲ್ಲಿ ಸೂಪರ್‌ವೈಸರ್‌ಗಳು 4% ತೆರಿಗೆಗೆ ಒಪ್ಪಿದರು. 2026ರ ಜನವರಿ 1ರಿಂದ ಅದು ಜಾರಿ. 'ನಾವು ಬೇಡ ಅಂದದ್ದನ್ನು ಹಿಂಬಾಗಿಲಿಂದ ತಂದಿರಿ' ಅನ್ನುವವರನ್ನು ಸುಮ್ನೆ ತಳ್ಳಿಹಾಕುವುದು ಕಷ್ಟ.

ಅದೇ ಬಜೆಟ್‌ನಲ್ಲಿ ಆಸ್ತಿ ತೆರಿಗೆ ದರ 1.125ರಿಂದ 1.1225ಕ್ಕೆ ಇಳಿಯಿತು. ಮೇಲಿನ ಮನೆಯ ಮೌಲ್ಯ ಈಗ 7,60,000 ಎಂದು ಹಿಡಿದು ನೀವೇ ಲೆಕ್ಕ ಹಾಕಿ. ಉತ್ತರ 8,531 ಬರಬೇಕು.