ಬೀಗಕ್ಕೂ ಒಂದು ತಾರೀಖು

ಇಳಕಲ್ಲಿನ ಸೀರೆ ಅಂಗಡಿಯೊಂದರ ವೆಬ್‌ಸೈಟ್ ಅಂದುಕೊಳ್ಳಿ. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟಿರುವ ಪುಕ್ಕಟೆ ವೈಫೈ ಹಿಡಿದು ಗಿರಾಕಿಯೊಬ್ಬರು ಅದನ್ನು ತೆರೆಯುತ್ತಾರೆ. ವಿಳಾಸ ಬರೀ ಎಚ್‌ಟಿಟಿಪಿ (ಬ್ರೌಸರ್ ಮತ್ತು ಸೈಟಿನ ನಡುವೆ ಮಾಹಿತಿ ಬಿಚ್ಚಾಗಿ ಸಾಗುವ ಪದ್ಧತಿ) ಆಗಿದ್ದರೆ ಅವರ ಹೆಸರು, ಮನೆ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಆ ವೈಫೈ ನಡೆಸುವವನು ಓದಬಹುದು. ಓದುವುದಷ್ಟೇ ಅಲ್ಲ, ತಿದ್ದಲೂಬಹುದು: ಪುಟದಲ್ಲಿರುವ ಅಂಗಡಿಯ ಕ್ಯೂಆರ್ ಕೋಡ್ ಕಿತ್ತು ತನ್ನದನ್ನು ಕೂರಿಸಿದರೆ ಸೀರೆಯ ರೊಕ್ಕ ಅವನ ಖಾತೆಗೆ ಬೀಳುತ್ತದೆ. “ನಮ್ಮ ಸೈಟಿನಾಗ ಮುಚ್ಚಿಡೋದೇನೈತಿ?” ಎನ್ನುವ ಅಂಗಡಿಯವರಿಗೆ ಹೊಳೆಯದೇ ಇರುವುದು ಈ ಎರಡನೆಯ ಅಪಾಯ.

ಅದೇ ಮಾಹಿತಿಯನ್ನು ಗುಟ್ಟುಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಇದನ್ನು ತಡೆಯುವ ಬಗೆ ಹೀಗೆ. ಅದರ ಹಿಂದಿರುವ ಗುಟ್ಟುಲಿಪಿಯ ನಿಯಮಾವಳಿ ಟಿಎಲ್‌ಎಸ್; 2018ರಲ್ಲಿ ಬಂದ ಅದರ 1.3ನೇ ಆವೃತ್ತಿಯಲ್ಲಿ ಬ್ರೌಸರ್ ಒಂದು ಸಂಖ್ಯೆ ಕಳಿಸುತ್ತದೆ, ಸರ್ವರ್ ಒಂದು ಸಂಖ್ಯೆ ಕಳಿಸುತ್ತದೆ; ಎರಡೂ ಕಡೆಯವರು ತಮ್ಮಲ್ಲೇ ಇಟ್ಟುಕೊಂಡ ಗುಟ್ಟನ್ನು ಅದಕ್ಕೆ ಬೆರೆಸಿ ಆ ಸಂಪರ್ಕಕ್ಕಷ್ಟೇ ಸಲ್ಲುವ ಕೀಲಿ ಲೆಕ್ಕ ಹಾಕಿಕೊಳ್ಳುತ್ತಾರೆ. ನಡುವೆ ಕೂತವನಿಗೆ ಎರಡೂ ಸಂಖ್ಯೆ ಕಂಡರೂ ಕೀಲಿ ದಕ್ಕದು. ಆದರೆ ಆ ಕಡೆ ಇರುವುದು ಅಂಗಡಿಯ ಸರ್ವರೋ, ನಡುವೆ ಕೂತವನೋ? ಸರ್ಟಿಫಿಕೇಟ್ ಬೇಕಾಗುವುದು ಇಲ್ಲಿ. ಅದರಲ್ಲಿ ಡೊಮೈನ್ ಹೆಸರು (ಸೈಟಿನ ವಿಳಾಸ), ಸಾರ್ವಜನಿಕ ಕೀಲಿ, ಶುರು ಮತ್ತು ಮುಗಿಯುವ ತಾರೀಖು, ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ ಇರುತ್ತವೆ. ಇಷ್ಟಾದರೂ ನೀವು ಯಾವ ಸೈಟಿಗೆ ಹೋದಿರಿ ಎಂಬ ಹೆಸರು ಸಾಮಾನ್ಯವಾಗಿ ಹೊರಗೆ ಕಾಣುತ್ತದೆ. ಅಲ್ಲಿ ಏನು ನೋಡಿದಿರಿ, ಏನು ತುಂಬಿದಿರಿ ಎಂಬುದು ಕಾಣುವುದಿಲ್ಲ.

ಸರ್ಟಿಫಿಕೇಟಿಗೆ ದುಡ್ಡು ಸುರಿಯಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಸಾವಿರಾರು ರೂಪಾಯಿಯ ‘ಪ್ರೀಮಿಯಂ’ ಸರ್ಟಿಫಿಕೇಟಿನಿಂದ ಎನ್‌ಕ್ರಿಪ್ಶನ್ (ಗುಟ್ಟುಲಿಪಿ) ಎಳ್ಳಷ್ಟೂ ಗಟ್ಟಿಯಾಗುವುದಿಲ್ಲ.

ಹಾಗಾದರೆ ಸೈಟುಗಳು ಕೆಂಪು ಎಚ್ಚರಿಕೆ ತೋರಿಸುವುದೇಕೆ? ಎಷ್ಟೋ ಸಲ ಯಾರೂ ಬೀಗ ಒಡೆದಿರುವುದಿಲ್ಲ, ಸರ್ಟಿಫಿಕೇಟಿನ ತಾರೀಖು ಮುಗಿದಿರುತ್ತದೆ. ಪುಕ್ಕಟೆ ಸರ್ಟಿಫಿಕೇಟಿನ ವಾಡಿಕೆಯ ಆಯುಷ್ಯ 90 ದಿನ. ಸರ್ವರಿನಲ್ಲಿ ಕೂರಿಸುವ ಸರ್ಟ್‌ಬಾಟ್ ಎಂಬ ತಂತ್ರಾಂಶ ದಿನಕ್ಕೆರಡು ಸಲ ನೋಡಿ, ಸುಮಾರು 30 ದಿನ ಉಳಿದಾಗ ತಾನೇ ನವೀಕರಿಸುತ್ತದೆ. ಆದರೆ ಯಾರೋ ಜಾಣರು “ಎಚ್‌ಟಿಟಿಪಿ ಯಾಕ ಬೇಕು” ಎಂದು ಸರ್ವರಿನ ಕಾವಲಾದ ಫೈರ್‌ವಾಲ್‌ನಲ್ಲಿ ಎಚ್‌ಟಿಟಿಪಿ ಬರುವ ಬಾಗಿಲಾದ 80ನೇ ಪೋರ್ಟ್ ಮುಚ್ಚಿರುತ್ತಾರೆ. ಡೊಮೈನ್ ನಿಮ್ಮದೇ ಹೌದೋ ಎಂಬ ತಪಾಸಣೆ ಸಾಮಾನ್ಯವಾಗಿ ಬರುವುದೇ ಆ ಬಾಗಿಲಿನಿಂದ. ಅದನ್ನು ತೆರೆದಿಡಿ, ಬಂದವರನ್ನು ಎಚ್‌ಟಿಟಿಪಿಎಸ್‌ನ ಬಾಗಿಲಾದ 443ಕ್ಕೆ ತಿರುಗಿಸಿ. ಇನ್ನೊಂದು ತಪ್ಪು ಕಣ್ಣಿಗೆ ಬೇಗ ಬೀಳುವುದಿಲ್ಲ: ಹೊಸ ಸರ್ಟಿಫಿಕೇಟ್ ಡಿಸ್ಕಿನಲ್ಲಿ ಬಂದು ಕೂತಿದೆ, ಪುಟ ಬಡಿಸುವ ತಂತ್ರಾಂಶ ಎನ್‌ಜಿನ್‌ಎಕ್ಸ್ ಮಾತ್ರ ಮೆಮೊರಿಯಲ್ಲಿರುವ ಹಳೆಯದನ್ನೇ ಹಂಚುತ್ತಿದೆ. ನವೀಕರಣದ ಬೆನ್ನಿಗೇ ಅದು ರೀಲೋಡ್ ಆಗುವಂತೆ ಹುಕ್ (ತಾನೇ ಓಡುವ ಆದೇಶ) ಹಾಕಬೇಕು. ತಾರೀಖು ಮುಗಿಯುತ್ತಿದೆ ಎಂಬ ನೆನಪಿನ ಮೇಲ್ ಕಳಿಸುವುದನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು. ಕಾಯುವ ಕೆಲಸ ಈಗ ನಿಮ್ಮದೇ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟಿಗೂ 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಅದೇ ತಾರೀಖಿನಿಂದ 100, 2029ರಿಂದ 47. ವರ್ಷಕ್ಕೊಮ್ಮೆ ಕೈಯಾರೆ ಹಾಕಿ ಮರೆಯುವ ಪದ್ಧತಿ ಇನ್ನು ನಡೆಯದು.

ಕಂಪ್ಯೂಟರಿನಲ್ಲಿ ಸೈಟ್ ಸರಿಯಾಗಿ ತೆರೆಯುತ್ತದೆ. ಆದರೂ ಗಿರಾಕಿಯ ರೊಕ್ಕ ಕಟ್ ಆಗಿದೆ, ಆರ್ಡರ್ ಬಂದಿಲ್ಲ. ಇಂಥ ದೂರು ಬಂದರೆ ಸರ್ಟಿಫಿಕೇಟಿನ ಸರಪಳಿಯನ್ನೂ ನೋಡಿ. ನಿಮ್ಮ ಸರ್ಟಿಫಿಕೇಟಿಗೂ ಮೂಲ ಸಂಸ್ಥೆಗೂ ನಡುವೆ ಒಂದು ಕೊಂಡಿ ಇರುತ್ತದೆ, ಅದನ್ನೂ ಸರ್ವರೇ ಕಳಿಸಬೇಕು. ಕಳಿಸದಿದ್ದರೆ ಕೆಲ ಬ್ರೌಸರುಗಳು ತಾವೇ ಹುಡುಕಿಕೊಂಡು ಸುಧಾರಿಸುತ್ತವೆ. ಪೇಮೆಂಟ್ ಕಂಪನಿಯ ಸರ್ವರ್ ಅಷ್ಟು ತಾಳ್ಮೆ ತೋರದೆ, ‘ಹಣ ಬಂತು’ ಎಂಬ ಸುದ್ದಿ ತಲುಪಿಸದೆ ಹಿಂದಿರುಗಬಹುದು. ಸೆಟ್ಟಿಂಗಿನಲ್ಲಿ ಬರೀ ಸರ್ಟಿಫಿಕೇಟಿನ ಫೈಲಿನ ಬದಲು ಆ ಕೊಂಡಿಯೂ ಇರುವ ಫುಲ್‌ಚೈನ್ ಫೈಲ್ ತೋರಿಸಿದರೆ ಮುಗಿಯಿತು.

ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಕಂಡಕಂಡ ಸೈಟೆಲ್ಲ ತಾರೀಖಿನ ತಪ್ಪು ತೋರಿಸಿದರೆ ಮೊದಲು ಅದರ ಗಡಿಯಾರ ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲವೆಂದು ಬ್ರೌಸರ್ ಭಾವಿಸುತ್ತದೆ.

ಇನ್ನು ಮೋಸದ ಸೈಟು. ಅದಕ್ಕೂ ಸರ್ಟಿಫಿಕೇಟ್ ಸಿಗುತ್ತದೆ, ಏಕೆಂದರೆ ಪರೀಕ್ಷೆ ಆಗುವುದು ಡೊಮೈನ್ ಯಾರ ಹಿಡಿತದಲ್ಲಿದೆ ಎಂಬುದಷ್ಟೇ, ನಡತೆ ಅಲ್ಲ. ವಿಳಾಸದ ಪಕ್ಕ ಬೀಗದ ಚಿಹ್ನೆ ಕಂಡರೆ ಜನ ಸೈಟನ್ನೇ ನಂಬುತ್ತಾರೆಂದು ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿಹ್ನೆಯನ್ನೇ ತೆಗೆಯಿತು. ಹಾಗಾಗಿ ವಿಳಾಸವನ್ನೇ ಓದಬೇಕು: ಶುರುವಿನ ‘https://’ ಬಿಟ್ಟು ಮೊದಲ ಓರೆಗೆರೆಯ ತನಕ ಬಂದು, ಅಲ್ಲಿಂದ ಎಡಕ್ಕೆ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಎರಡು ಪದ ಹೆಸರಿನ ಕೊನೆಯಲ್ಲಿದ್ದರೆ ಲೆಕ್ಕಕ್ಕೆ; ‘ಬ್ಯಾಂಕ್ ಡಾಟ್ ಇನ್’ ನಡುವೆ ಬಂದು, ಕೊನೆಗೆ ‘ಡಾಟ್ ಕಾಮ್’ ಇದ್ದರೆ ಅದು ಬೇರೆಯವರ ಮನೆ.