ಮಸ್ಕಿ ಯಾಕೆ ‘ಮಸಿಕ’ ಆಯಿತು? ಒತ್ತಕ್ಷರ ಓದಿಸುವ ನನ್ನ ಟಿಪ್ಪಣಿ

ನಾನು ಡಿ.ಎಲ್.ಎಡ್ (ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ರಾಯಚೂರು ಜಿಲ್ಲೆಯ ಒಂದು ಸರಕಾರಿ ಶಾಲೆಯಲ್ಲಿ ಇಂಟರ್ನ್‌ಶಿಪ್ ನಡೆದಿದೆ. ಪಾಠ ಯೋಜನೆ, ಕಲಿಕೋಪಕರಣ ಎಲ್ಲ ನಿಮಗೂ ಗೊತ್ತಿರುವುದೇ, ಬಿಡಿ. ಒಂದೇ ಒಂದು ಕಡೆ ಮೂರು ದಿನ ಒದ್ದಾಡಿದೆ. ಮರೆಯುವ ಮೊದಲು ಅದನ್ನು ಬರೆದಿಡುತ್ತೇನೆ.

ಅದಕ್ಕೆ ಮೊದಲಿನದು ಸುಲಭ. ನಲಿ-ಕಲಿ ಅಂದರೆ ಸರಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ನಲಿಯುತ್ತಾ ಕಲಿಸುವ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಅ ಆ ಇ ಈ ಸಾಲು ಹಿಡಿಯುವುದಿಲ್ಲ. ರ ಗ ಸ ದ ಅ ಬಂದರೆ ಸಾಕು, ಮಗು ಸರ, ಅರಸ, ಅಗಸ, ದಸರ ಓದುತ್ತದೆ. ಕಾಗುಣಿತದಲ್ಲಿ ಒಂದು ಎಚ್ಚರ: ‘ಕ ಗುಡಿಸು ಕಿ’ ಅಂತ ರಾಗವಾಗಿ ಹೇಳುವ ಮಗು ‘ಕಿವಿ’ ಓದುತ್ತದೆ ಅಂತ ನಂಬಬೇಡಿ. ಬಿಡಿಯಾಗಿ ತೋರಿಸಿ ಕೇಳಿ.

ಇನ್ನು ನನ್ನ ಗೋಳು. ಓದಲು ಬಸ್ಸಿನ ಬೋರ್ಡುಗಳನ್ನು ಆರಿಸಿಕೊಂಡೆ. ‘ಸಿರವಾರ’ ಸರಾಗವಾಗಿ ಬಂತು. ‘ಮಸ್ಕಿ’ ತೋರಿಸಿದೆ. “ಮಸಿಕ ರೀ ಟೀಚರ್!” ‘ಮಾನ್ವಿ’ ತೋರಿಸಿದೆ. “ಮಾನಿವ!” ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ ಊರು ಮಸ್ಕಿ. ಬ್ರಾಹ್ಮಿ ಲಿಪಿ ಓದಿದವರಿದ್ದಾರೆ, ನಮಗೆ ಬೋರ್ಡು ಓದುವುದೇ ಕಷ್ಟವಾಯಿತು!

ಒತ್ತು ಗೊತ್ತಿಲ್ಲ ಅಂತ ತಿಳಿದು ಎರಡು ದಿನ ಸುಮ್ನೆ ಒತ್ತುಗಳನ್ನು ಬರೆಸಿದೆ. ಎಲ್ಲರೂ ಚೆಂದ ಬರೆದರು. ಓದು ಮಾತ್ರ ಅದೇ ‘ಮಸಿಕ’.

ಆಮೇಲೆ ‘ಸ್ಕಿ’ಯನ್ನೇ ದಿಟ್ಟಿಸಿ ನೋಡಿದೆ.

ಕಣ್ಣಿಗೆ ಕಾಣುವುದು: ಮೇಲೆ ಸಿ, ಕೆಳಗೆ ಕ.
ಬಾಯಿ ಹೇಳುವುದು: ಮೊದಲು ಸ್, ಆಮೇಲೆ ಕಿ.

ಗುಡಿಸು ಕೂತಿರುವುದು ‘ಸ’ ತಲೆ ಮೇಲೆ, ಸೇರುವುದು ಮಾತ್ರ ಕೆಳಗಿನ ‘ಕ’ಗೆ. ಮಗು ಮೇಲಿಂದ ಕೆಳಕ್ಕೆ ಓದಿತು. ನಾನೇ ಹಾಗೆ ಕಲಿಸಿದ್ದೆ! ‘ರಸ್ತೆ’ಯೂ ಹೀಗೇ ‘ರಸೆತ’ ಆಗುತ್ತದೆ. ಇಷ್ಟು ವರ್ಷ ಕನ್ನಡ ಓದಿದ ನನಗೆ ಇದು ಒಮ್ಮೆಯೂ ಕಂಡಿರಲಿಲ್ಲ.

ಚಪ್ಪಾಳೆ ಆಟವೂ ಇಲ್ಲಿ ಕೈಕೊಟ್ಟಿತು. ಧ್ವನಿ ಅರಿವಿಗೆ, ಅಂದರೆ ಪದದೊಳಗಿನ ದನಿಗಳನ್ನು ಕಿವಿಯಿಂದ ಗುರುತಿಸಲಿ ಅಂತ, ಪದ ಒಡೆದು ಚಪ್ಪಾಳೆ ತಟ್ಟಿಸುತ್ತೇವಲ್ವಾ? ಮಕ್ಕಳು ತಟ್ಟಿದ್ದು ‘ಮಸ್-ಕಿ’. ಬರವಣಿಗೆ ಒಡೆಯುವುದು ‘ಮ-ಸ್ಕಿ’. ಎರಡರಲ್ಲೂ ಎರಡೇ ತುಂಡು, ಆದರೆ ಕತ್ತರಿಸಿದ ಜಾಗ ಬೇರೆ. ಲೆಕ್ಕ ಸರಿ ಬಂತು ಅಂತ ನಾನು ಖುಷಿಯಾಗಿದ್ದೆ. ಮೋಸ ಹೋದದ್ದು ಅಲ್ಲೇ.

ಆದರೆ ದಾರಿ ಸಿಕ್ಕಿದ್ದೂ ಆ ಚಪ್ಪಾಳೆಯಿಂದಲೇ. ಒಂದು ಚೀಟಿಯಲ್ಲಿ ‘ಮಸ್’, ಇನ್ನೊಂದರಲ್ಲಿ ‘ಕಿ’ ಬರೆದು ಓದಿಸಿದೆ. ಆಮೇಲೆ ಕಥೆ ಹೇಳಿದೆ: ‘ಕ’ ಬಾಡಿಗೆಗೆ ಕೆಳಮನೆಗೆ ಬಂತು, ಅಲ್ಲಿ ಜಾಗ ಕಡಿಮೆ, ಅದಕ್ಕೇ ಗುಡಿಸನ್ನು ಮೇಲಿನ ಮನೆಯಲ್ಲಿ ಇಟ್ಟಿದೆ. ಓದುವಾಗ ಬೆರಳಿಂದ ಗುಡಿಸು ಮುಚ್ಚಬೇಕು. ಮೇಲಿನದನ್ನು ಅರ್ಧ ಹೇಳಬೇಕು, ಸ್. ಕೆಳಗೆ ಇಳಿಯಬೇಕು, ಕ. ಬೆರಳು ತೆಗೆದು ಗುಡಿಸನ್ನು ‘ಕ’ಗೆ ಕೊಡಬೇಕು, ಕಿ. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಬೆರಳೇ ಬೇಕಾಗಲಿಲ್ಲ.

‘ಅಕ್ಕ’, ‘ಅಮ್ಮ’ ಓದಿಸಿ ಒತ್ತು ಬಂತು ಅಂತ ಗುರುತು ಹಾಕಬೇಡಿ. ಅಲ್ಲಿ ಮೇಲೆ ಚಿಹ್ನೆಯೇ ಇಲ್ಲ, ಅಕ್ಷರವೂ ಎರಡೂ ಒಂದೇ. ಯಾವುದನ್ನು ಮೊದಲು ಓದಿದರೂ ತಪ್ಪು ಹೊರಗೆ ಬೀಳುವುದಿಲ್ಲ. ಬೇರೆ ಬೇರೆ ಅಕ್ಷರ ಇರಬೇಕು, ಜೊತೆಗೆ ಗುಣಿತ ಚಿಹ್ನೆ ಇರಬೇಕು. ಕುಸ್ತಿ, ಆಸ್ತಿ, ರಸ್ತೆ ಥರದ ಪದ.

ಅರ್ಕಾವತ್ತು ಬೇರೆಯೇ ಕಥೆ. ‘ದೇವದುರ್ಗ’ದಲ್ಲಿ ೯ರ ಹಾಗೆ ಕಾಣುವ ಗುರುತು ‘ಗ’ ಆದ ಮೇಲೆ ಬರುತ್ತದೆ, ಆದರೆ ರ್ ದನಿ ಮೊದಲು. ಬೆರಳಿನ ಉಪಾಯ ಇಲ್ಲಿ ನಡೆಯದು. ನಾನು ಎರಡನ್ನೂ ಒಂದೇ ದಿನ ಹೇಳಿಕೊಟ್ಟೆ. ಮರುದಿನ ಒಬ್ಬ ಹುಡುಗಿ ‘ಮಸ್ಕಿ’ಯನ್ನು ‘ಮಕ್ಸಿ’ ಅಂದಳು. ನಡುವೆ ಒಂದು ವಾರವಾದರೂ ಬಿಡಿ.

ಪರೀಕ್ಷೆಗೂ ಒಂದು ಸಾಲು ಬೇಕಲ್ವಾ? ಓದಿನ ಬಗ್ಗೆ ಸಂಶೋಧನೆ ಮಾಡಿದ ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದ್ದು: ಓದು ಅಂದರೆ ಅಕ್ಷರ ಬಿಡಿಸುವುದನ್ನು ಅರ್ಥ ತಿಳಿಯುವುದರಿಂದ ಗುಣಿಸಿದ್ದು. ಒಂದು ಸೊನ್ನೆಯಾದರೆ ಎಲ್ಲ ಸೊನ್ನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ತೆಲುಗು, ಲಂಬಾಣಿ ಆಡುವ ಮಕ್ಕಳಿದ್ದಾರೆ. ಪುಸ್ತಕದ ಪದ ಅವರಿಗೆ ಹೊಸದು, ಊರಿನ ಹೆಸರು ಹೊಸದಲ್ಲ. ‘ಮಸಿಕ’ ಅಂದವನೇ ತಡೆದು, “ಅಂಥಾ ಊರು ಇಲ್ಲ ರೀ” ಅಂತ ತಿದ್ದಿಕೊಂಡ.

ಅವನೇ ನಿನ್ನೆ ಗೋಡೆ ಮೇಲಿನ ‘ರಾಷ್ಟ್ರಗೀತೆ’ ಮುಂದೆ ನಿಂತು, “ಇಲ್ಲಿ ಎರಡು ಒತ್ತು ಅದಾವು, ಬೆರಳು ಎಲ್ಲಿ ಇಡ್ಲಿ ಟೀಚರ್?” ಅಂದ. ‘ಷ್ಟ್ರ’ದ ಮೇಲೆ ಮುಚ್ಚಲು ಚಿಹ್ನೆಯೇ ಇಲ್ಲ. ಬೆರಳು ಬೇಡ, ಒಂದೊಂದೇ ಮೆಟ್ಟಿಲು ಇಳಿ ಅಂದೆ. ಷ್, ಟ್, ರ.